ಚಾರ್ಲ್ಸ್‌ಟನ್‌ನಲ್ಲಿ ನಡೆದು ತಿನ್ನುವ ಪ್ರವಾಸ: ಸಸ್ಯಾಹಾರಿ ಅಪ್ಪ ಅಮ್ಮನನ್ನು ಕರೆದೊಯ್ಯಬಹುದೇ?

ದಾವಣಗೆರೆಯ_ಮಗಳು · ಮಾರ್ಚ್ 4

ಎಲ್ಲರಿಗೂ ನಮಸ್ಕಾರ. ನಾವಿರುವುದು ಉತ್ತರ ಕ್ಯಾರೊಲೈನಾದ ಷಾರ್ಲಟ್‌ನಲ್ಲಿ. ಊರಿನಿಂದ ಅಪ್ಪ ಅಮ್ಮ ಬಂದು ತಿಂಗಳಾಗುತ್ತ ಬಂತು. ನಯಾಗರಾ, ನ್ಯೂಯಾರ್ಕ್, ವಾಷಿಂಗ್ಟನ್ ಎಂಬ ಮೂರು ಕ್ಷೇತ್ರಗಳ ಯಾತ್ರೆ ಹಿಂದಿನ ಸಲವೇ ಮುಗಿದಿದೆ. ಈ ಸಲ ಅಪ್ಪ ಬೇರೆ ರಾಗ ತೆಗೆದಿದ್ದಾರೆ. ಈ ಸೀಮೆಯ ಜನ ಏನು ಉಣ್ಣುತ್ತಾರೋ ಅದನ್ನು ಅವರ ಊರಿನಲ್ಲೇ ನೋಡಬೇಕಂತೆ. ಪಿಜ್ಜಾ ನಮ್ಮ ಪಿ.ಜೆ. ಬಡಾವಣೆಯಲ್ಲೂ ಸಿಗುತ್ತದೆ, ಅದಕ್ಕಾಗಿ ಇಷ್ಟು ದೂರ ವಿಮಾನದಲ್ಲಿ ಕಾಲು ಮಡಚಿ ಕುಳಿತು ಬರಬೇಕೇ ಎನ್ನುತ್ತಾರೆ.

ಏಪ್ರಿಲ್ ಮಧ್ಯದಲ್ಲಿ ಎರಡು ದಿನ ದಕ್ಷಿಣ ಕ್ಯಾರೊಲೈನಾದ ಚಾರ್ಲ್ಸ್‌ಟನ್‌ಗೆ ಹೋಗುವ ಯೋಚನೆ ಇದೆ. ಅಲ್ಲಿ ಮಾರ್ಗದರ್ಶಿಯೊಬ್ಬರು ಹತ್ತು ಹನ್ನೆರಡು ಮಂದಿಯನ್ನು ಹಳೆಯ ಬೀದಿಗಳಲ್ಲಿ ನಡೆಸುತ್ತಾ, ನಾಲ್ಕೈದು ಕಡೆ ನಿಲ್ಲಿಸಿ ತಿನ್ನಿಸುತ್ತಾ, ನಡುನಡುವೆ ಊರಿನ ಕಥೆ ಹೇಳುವ ಪ್ರವಾಸಗಳಿವೆ. ಎರಡೂವರೆಯಿಂದ ಮೂರು ಗಂಟೆ. ನಾನು ನೋಡಿದ ಒಂದರಲ್ಲಿ ತಲೆಗೆ 85 ಡಾಲರ್ ಕೇಳುತ್ತಿದ್ದಾರೆ.

ನನ್ನ ತೊಡಕು ಇಷ್ಟು. ಅಮ್ಮ ಮೊಟ್ಟೆಯನ್ನೂ ಮುಟ್ಟುವವರಲ್ಲ. ಅಪ್ಪನದು ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಯಾರನ್ನೂ ಕೇಳದೆ ತಿನ್ನುವ ಪಂಥ. ಅಮ್ಮನ ಎಡ ಮೊಣಕಾಲು ಒಂದು ಗಂಟೆ ನಡೆದರೆ ಮಾತನಾಡಲು ಶುರುಮಾಡುತ್ತದೆ. ಸಿಗಡಿ, ಏಡಿ, ಹಂದಿಮಾಂಸಕ್ಕೆ ಹೆಸರಾದ ಊರಿನಲ್ಲಿ ಇವರಿಬ್ಬರಿಗೆ ಏನಾದರೂ ದಕ್ಕುತ್ತದೆಯೇ? ಹೋಗಿ ಬಂದವರು ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಸವಾನಾದ_ನೆರಳು · ಮಾರ್ಚ್ 4

ಚಾರ್ಲ್ಸ್‌ಟನ್ ಬಿಡಿ, ಇನ್ನಷ್ಟು ದಕ್ಷಿಣಕ್ಕೆ ಇಳಿದು ಜಾರ್ಜಿಯಾದ ಸವಾನಾಕ್ಕೆ ಬನ್ನಿ. 1733ರಲ್ಲಿ ಈ ಊರು ಕಟ್ಟಿದ ಓಗಲ್‌ಥಾರ್ಪ್ ಹಾಕಿದ ನಕ್ಷೆಯ 22 ಚೌಕಗಳು ಇಂದಿಗೂ ಉಳಿದಿವೆ. ಎರಡು ಬೀದಿ ದಾಟಿದರೆ ಒಂದು ಚೌಕ, ಓಕ್ ಮರದ ನೆರಳು, ಕೂರಲು ಬೆಂಚು. ಮೊಣಕಾಲಿನವರಿಗೆ ಮಾಡಿಸಿಟ್ಟಂತಹ ಊರು. ಊಟದ ವಿಷಯದಲ್ಲಿ ನಿಮ್ಮ ಅಮ್ಮನ ಕಷ್ಟ ಇಲ್ಲಿಯೂ ಅಷ್ಟೇ, ಸುಳ್ಳು ಹೇಳುವುದಿಲ್ಲ.

ನುಚ್ಚು_ಮಜ್ಜಿಗೆ · ಮಾರ್ಚ್ 4

ನಾನು ವಿಜಯಪುರದ ಕಡೆಯವನು. ಹನ್ನೊಂದು ವರ್ಷದಿಂದ ದಕ್ಷಿಣ ಕ್ಯಾರೊಲೈನಾದ ಕೊಲಂಬಿಯಾದಲ್ಲಿದ್ದೇನೆ. ಬಂದ ನೆಂಟರನ್ನೆಲ್ಲ ಕಟ್ಟಿಕೊಂಡು ಈ ಪ್ರವಾಸವನ್ನು ಮೂರು ಸಲ ಮಾಡಿದ್ದೇನೆ, ಮೂರೂ ಸಲ ಬೇರೆ ಬೇರೆ ಸಂಸ್ಥೆಯವರ ಜೊತೆ. ಹೋಗಬಹುದು. ಆದರೆ "ನಾವು ಸಸ್ಯಾಹಾರಿಗಳು" ಎಂಬ ಒಂದೇ ಸಾಲು ಬರೆದು ನಿಶ್ಚಿಂತೆಯಿಂದ ಹೋದರೆ ನಿಮ್ಮ ಅಮ್ಮನಿಗೆ ಏಕಾದಶಿ.

ಕಾರಣ ಹೇಳುತ್ತೇನೆ. ಅಮೆರಿಕದ ದಕ್ಷಿಣದ ಅಡುಗೆಯಲ್ಲಿ ಹಂದಿ ಪದಾರ್ಥವಲ್ಲ, ಒಗ್ಗರಣೆ. ನಾವು ಸಾಸಿವೆ ಕರಿಬೇವು ಹಾಕುವ ಜಾಗದಲ್ಲಿ ಅವರು ಬೇಕನ್ ಹಾಕುತ್ತಾರೆ. ಕೊಲಾರ್ಡ್ ಸೊಪ್ಪು ತಟ್ಟೆಗೆ ಬಂದಾಗ ನೋಡುವುದಕ್ಕೆ ನಮ್ಮ ಸೊಪ್ಪಿನ ಪಲ್ಯವೇ. ಪಾತ್ರೆಯ ತಳದಲ್ಲಿ ಹೊಗೆ ಹಾಕಿದ ಹಂದಿಯ ಗೆಣ್ಣು ಮಲಗಿರುತ್ತದೆ. ಟೊಮ್ಯಾಟೊ ಹಾಕಿದ ಕೆಂಪನ್ನ ನಮ್ಮ ಟೊಮ್ಯಾಟೊ ಬಾತಿನ ಅಣ್ಣನಂತಿದೆ, ಬೇಕನ್ ಕೊಬ್ಬಿನಲ್ಲಿ ಹುರಿದದ್ದು. ಅಲಸಂದೆಯ ಜಾತಿಯ ಕಾಳನ್ನೂ ಅನ್ನವನ್ನೂ ಕೂಡಿಸಿ ಬೇಯಿಸುವ ಹಾಪಿನ್ ಜಾನ್‌ಗೂ ಅದೇ ಗತಿ. ಇದನ್ನು ಹೊಸ ವರ್ಷದ ದಿನ ಉಂಡರೆ ಅದೃಷ್ಟ ಕೈಹಿಡಿಯುತ್ತದೆ ಎಂಬ ನಂಬಿಕೆ ಇಲ್ಲಿದೆ. ನಾವು ಯುಗಾದಿಗೆ ಬೇವು ಬೆಲ್ಲ ತಿನ್ನುತ್ತೇವೆ, ಇವರು ಜನವರಿ ಒಂದಕ್ಕೆ ಕಾಳನ್ನ ಉಣ್ಣುತ್ತಾರೆ. ಬೇಕನ್ ತೆಗೆಯಿರಿ ಎಂದರೆ, ಇಂಗು ಇಲ್ಲದ ಸಾರು ಮಾಡಿ ಎಂದ ಹಾಗೆ ನೋಡುತ್ತಾರೆ, ಅಷ್ಟೆ.

ಆದ್ದರಿಂದ ಕಾಯ್ದಿರಿಸುವ ಮೊದಲು ಫೋನ್ ಮಾಡಿ, ಒಂದೊಂದನ್ನೂ ಹೆಸರಿಟ್ಟು ಕೇಳಿ. ಬೇಕನ್ ಇದೆಯೇ? ಬಿಸ್ಕಿಟ್‌ಗೆ ಬೆಣ್ಣೆಯೋ ಲಾರ್ಡ್ ಎಂಬ ಹಂದಿಯ ಕೊಬ್ಬೋ? ಗ್ರಿಟ್ಸ್ ಎಂಬ ಮೆಕ್ಕೆಜೋಳದ ನುಚ್ಚು ಬೇಯಿಸಿದ್ದು ನೀರಿನಲ್ಲೋ ಕೋಳಿಯ ಸ್ಟಾಕಿನಲ್ಲೋ? ಹಸಿರು ಟೊಮ್ಯಾಟೊ ಕರಿದ ಎಣ್ಣೆಯಲ್ಲಿ ಸಿಗಡಿಯನ್ನೂ ಕರಿದಿದ್ದಾರೆಯೇ? ಕೆಂಪು ಸಿಹಿ ಮೆಣಸಿನಕಾಯಿ ಕಲಸಿದ ಪಿಮೆಂಟೊ ಚೀಸ್‌ನಲ್ಲಿ ಮೇಯನೇಸ್ ಇರುತ್ತದೆ, ಅಂದರೆ ಮೊಟ್ಟೆ. ಹಾಗಾದರೆ ಉಳಿಯುವುದೇನು ಎಂದರೆ: ಬೆಣ್ಣೆ ಮಜ್ಜಿಗೆ ಹಾಕಿದ ಬಿಸ್ಕಿಟ್ (ಸಾಮಾನ್ಯವಾಗಿ ಇದಕ್ಕೆ ಮೊಟ್ಟೆ ಬೀಳುವುದಿಲ್ಲ), ನೀರಿನಲ್ಲಿ ಬೆಂದ ಗ್ರಿಟ್ಸ್, ಬೆಂಡೆಕಾಯಿ ಉಪ್ಪಿನಕಾಯಿ, ಸಕ್ಕರೆ ಬೆಣ್ಣೆ ಪೆಕಾನ್ ಸೇರಿಸಿ ಮಾಡಿದ ಪ್ರಲೀನ್ ಮಿಠಾಯಿ, ಉಪ್ಪುನೀರಿನಲ್ಲಿ ಬೇಯಿಸಿದ ಕಡಲೆಕಾಯಿ. ಕೊನೆಯದನ್ನು 2006ರಲ್ಲಿ ಈ ರಾಜ್ಯದ ಅಧಿಕೃತ ತಿನಿಸು ಎಂದು ಘೋಷಿಸಿದ್ದಾರೆ. ಬಸವನಗುಡಿಯ ಪರಿಷೆಗೆ ಒಮ್ಮೆ ಬಂದಿದ್ದರೆ ಇವರು ಅಷ್ಟು ಜಂಬ ಪಡುತ್ತಿರಲಿಲ್ಲ.

ಗ್ರಿಟ್ಸ್ ಬಗ್ಗೆ ಒಂದು ಮಾತು. ಒಣ ಮೆಕ್ಕೆಜೋಳವನ್ನು ಕಲ್ಲಿನಲ್ಲಿ ತರಿತರಿಯಾಗಿ ಒಡೆದು, ಮುಕ್ಕಾಲು ಗಂಟೆ ಕೈಯಾಡಿಸುತ್ತಾ ಬೇಯಿಸಿದ್ದು. ಮೊದಲ ಸಲ ಬಾಯಿಗಿಟ್ಟಾಗ ನನಗೆ ನಮ್ಮ ಬಿಳಿಜೋಳದ ನುಚ್ಚಿನ ಪಾತ್ರೆ, ಅದರ ತಳ ಹಿಡಿಸಿ ಬೈಸಿಕೊಂಡದ್ದು, ಎಲ್ಲ ನೆನಪಾಯಿತು. ಜೋಳ ಬೇರೆ, ರುಚಿ ಸ್ವಲ್ಪ ಸಿಹಿ, ಆದರೆ ಬಾಯಿಗೆ ಸಿಗುವ ತರಿ ಅದೇ. ಐದು ನಿಮಿಷದಲ್ಲಿ ಕಲಸಿಕೊಡುವ ಪೊಟ್ಟಣದ ಗ್ರಿಟ್ಸ್ ಕೊಟ್ಟರೆ ಹಿಂತಿರುಗಿಸಿ. ಅದು ಗೋಡೆಗೆ ಪೋಸ್ಟರ್ ಅಂಟಿಸಲು ಲಾಯಕ್ಕು.

ಲೆಕ್ಕ_ಪಕ್ಕಾ · ಮಾರ್ಚ್ 5

ನಾಲ್ಕು ಜನ, ತಲೆಗೆ 85, ಅಂದರೆ 340 ಡಾಲರ್. ಮಾರ್ಗದರ್ಶಿಗೆ ಶೇಕಡ 20 ಭಕ್ಷೀಸು ಕೊಡದಿದ್ದರೆ ಮರ್ಯಾದೆ ಇಲ್ಲ, ಅದು 68. ಒಟ್ಟು 408. ಅದರಲ್ಲಿ ಇಬ್ಬರು ಬಹುಪಾಲು ತಿನ್ನುವುದೇ ಇಲ್ಲ! ತಿನ್ನದವರಿಗೆ ಯಾವ ಸಂಸ್ಥೆಯೂ ರಿಯಾಯಿತಿ ಕೊಟ್ಟದ್ದನ್ನು ನಾನು ಕಂಡಿಲ್ಲ.

ನಾನು ಮಾಡಿದ್ದನ್ನು ಹೇಳುತ್ತೇನೆ. ಶನಿವಾರ ಬೆಳಗ್ಗೆ ಮರಿಯನ್ ಚೌಕದ ರೈತರ ಸಂತೆ, ಏಪ್ರಿಲ್‌ನಿಂದ ನವೆಂಬರ್‌ವರೆಗೆ ನಡೆಯುತ್ತದೆ. ಅಲ್ಲಿ ಹೊಟ್ಟೆ ತುಂಬುತ್ತದೆ. ಆಮೇಲೆ ಡ್ಯಾಶ್ ಬಸ್ ಹತ್ತಿ, ಅದು ಉಚಿತ. ಮಾರ್ಕೆಟ್ ಬೀದಿಯಲ್ಲಿ ಇಳಿದರೆ ಮಿಠಾಯಿ ಅಂಗಡಿಯವರೇ ಬಾಗಿಲಲ್ಲಿ ನಿಂತು ಬಿಸಿ ಪ್ರಲೀನ್ ಚೂರು ಕೈಗೆ ಕೊಡುತ್ತಾರೆ. ನಮ್ಮ ಮಗ ಮೂರು ಅಂಗಡಿ ಎರಡೆರಡು ಸಲ ಸುತ್ತಿದ. ಈಸ್ಟ್ ಬೇ ಬೀದಿಯಲ್ಲಿ ಬಣ್ಣಬಣ್ಣದ 13 ಮನೆಗಳ ಸಾಲು ನೋಡಲು ದುಡ್ಡಿಲ್ಲ. ನಾಲ್ಕು ಜನಕ್ಕೆ ನನಗೆ ಬಿದ್ದ ಖರ್ಚು 61 ಡಾಲರ್. ಕಥೆ ಬೇಕಾದರೆ ಮೊಬೈಲ್‌ನಲ್ಲಿ ಓದಿಕೊಳ್ಳಬಹುದು.

ಬನ್ನು_ತಿಂದು_ಬಂದವಳು · ಮಾರ್ಚ್ 5

ನನ್ನ ಹೆಸರು ನೋಡಿದರೆ ನನ್ನ ಕಥೆ ಗೊತ್ತಾಗಬೇಕು. ಹೋದ ವರ್ಷ ಜುಲೈನಲ್ಲಿ ಹೋಗಿದ್ದೆವು. ಅದು ಮೊದಲನೆಯ ತಪ್ಪು. ಚಾರ್ಲ್ಸ್‌ಟನ್‌ನ ಜುಲೈ ಎಂದರೆ ಮಂಗಳೂರಿನ ಮೇ ತಿಂಗಳಿಗೆ ಇಟ್ಟಿಗೆಯ ಕಾಲುದಾರಿ ಸೇರಿಸಿದ ಹಾಗೆ.

ಎರಡನೆಯ ತಪ್ಪು, ಇ-ಮೇಲ್‌ಗೆ ಬಂದ "ಖಂಡಿತ, ವ್ಯವಸ್ಥೆ ಮಾಡುತ್ತೇವೆ" ಎಂಬ ಉತ್ತರವನ್ನು ನಂಬಿದ್ದು. ಸಂಸ್ಥೆಯ ಹೆಸರು ಬೇಡ. ಮೊದಲ ನಿಲುಗಡೆಯಲ್ಲಿ ಎಲ್ಲರಿಗೂ ಸಿಗಡಿ ಗ್ರಿಟ್ಸ್ ಬಂತು. ನನ್ನ ಮುಂದೆ ಬನ್ನು, ಬೆಣ್ಣೆ. ಎರಡನೆಯದರಲ್ಲಿ ಅವರಿಗೆ ಏಡಿಯ ಸೂಪು. ನನಗೆ ಬನ್ನು, ಈ ಸಲ ಜೇನು. ಮೂರನೆಯದು ಹಂದಿಯ ಬಾರ್ಬೆಕ್ಯೂ. ತಟ್ಟೆ ನನ್ನ ಮುಂದೆ ಬರುವ ಮೊದಲೇ ಪಕ್ಕದ ಟೇಬಲ್ಲಿನ ಟೆಕ್ಸಸ್ ಅಜ್ಜಿ "ಬನ್ನು ಬಂತು" ಎಂದು ಚಪ್ಪಾಳೆ ತಟ್ಟಿದರು. ನಾಲ್ಕನೆಯ ಕಡೆ ಐಸ್‌ಕ್ರೀಂ. ಅದನ್ನು ಅಳುತ್ತಾ ತಿಂದೆ ಎಂದರೆ ಉತ್ಪ್ರೇಕ್ಷೆಯಲ್ಲ, ಹೊಟ್ಟೆ ಹಸಿದಿತ್ತು. ಮಾರ್ಗದರ್ಶಿ ಹುಡುಗ ಒಳ್ಳೆಯವನೇ, ಪಾಪ, ಅವನಿಗೆ ನನ್ನ ವಿಷಯವನ್ನು ಕಚೇರಿಯವರು ಹೇಳಿಯೇ ಇರಲಿಲ್ಲ.

ಹಾಗಾಗಿ ಕಚೇರಿಯ ಜೊತೆ ಮಾತು ಸಾಲದು. ಆ ದಿನ ನಡೆಸುವ ಮಾರ್ಗದರ್ಶಿಯ ಜೊತೆಗೇ ಹಿಂದಿನ ಸಂಜೆ ಮಾತನಾಡಿಸಿ ಎಂದು ಹಟ ಹಿಡಿಯಿರಿ. ಆಗುವುದಿಲ್ಲ ಎಂದರೆ ಬೇರೆ ಸಂಸ್ಥೆ ನೋಡಿ. ಚೀಲದಲ್ಲಿ ಎರಡು ಚಪಾತಿ ಇರಲಿ.

ಅಘನಾಶಿನಿ_ದಂಡೆ · ಮಾರ್ಚ್ 6

ಇಲ್ಲಿ ಎಲ್ಲರೂ ಸಸ್ಯಾಹಾರದ ಗೋಳನ್ನೇ ಹೇಳುತ್ತಿದ್ದೀರಿ. ಸಿಗಡಿ ತಿನ್ನುವ ಕುಮಟಾದವಳ ಒಂದು ಮಾತನ್ನೂ ಕೇಳಿ.

ಸಿಗಡಿ ಗ್ರಿಟ್ಸ್ ಇಂದು ದೊಡ್ಡ ಹೋಟೆಲ್ಲಿನ ತಿಂಡಿ. ಮೂಲತಃ ಅದು ಮೀನುಗಾರರ ಬೆಳಗಿನ ಗಂಜಿ, ರಾತ್ರಿ ಕೋಡಿಯಲ್ಲಿ ಬಲೆ ಹಾಕಿದವರು ಬೆಳಗ್ಗೆ ಹಿಡಿ ಸಿಗಡಿ ಹುರಿದು ಗಂಜಿಯ ಮೇಲೆ ಸುರಿದುಕೊಂಡದ್ದು. ಬಡಿಸುವವರನ್ನು ಕೇಳಿ, ಸಿಗಡಿ ಈ ಊರಿನದೇ ಎಂದು. ಅಮೆರಿಕ ಆಮದು ಮಾಡಿಕೊಳ್ಳುವ ಸಿಗಡಿಯಲ್ಲಿ ವರ್ಷಗಳಿಂದ ದೊಡ್ಡ ಪಾಲು ಭಾರತದ್ದು, ಅದರಲ್ಲೂ ಆಂಧ್ರದ ಕೊಳಗಳದ್ದು. ಅಷ್ಟು ದೂರ ಬಂದು ಆಂಧ್ರದ ಸಿಗಡಿ ತಿನ್ನುವುದು ಬೇಡ. ಹೆಣ್ಣೇಡಿಯ ಸೂಪು ನನಗೆ ಸಪ್ಪೆ. ಕಿತ್ತಳೆ ಬಣ್ಣದ ಏಡಿಯ ತತ್ತಿ, ಕೆನೆ, ಮೇಲೊಂದು ಚಮಚ ಶೆರಿ ಮದ್ಯ. ಇಷ್ಟು ಒಳ್ಳೆಯ ಏಡಿಗೆ ಮೆಣಸು ತೋರಿಸದೆ ಕೊಂದರಲ್ಲ ಎನಿಸಿತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ತಿಂಡಿಯಲ್ಲ, ಅಕ್ಕಿಯ ಕಥೆ. ಮಾರ್ಗದರ್ಶಿ ಒಂದು ಹಳೆಯ ಚಿತ್ರ ತೋರಿಸಿದರು. ನದಿಯ ಅಂಚಿಗೆ ಮಣ್ಣಿನ ದಂಡೆ, ದಂಡೆಯ ನಡುವೆ ಮರದ ಬಾಗಿಲು. ಭರತ ಬಂದಾಗ ಬಾಗಿಲು ಎತ್ತುವುದು, ಇಳಿತಕ್ಕೆ ಹಾಕುವುದು. ನಾನು ಗುಂಪಿನ ಮಧ್ಯೆಯೇ "ಅಯ್ಯೋ, ಇದು ನಮ್ಮ ಗಜನಿ!" ಎಂದು ಕನ್ನಡದಲ್ಲಿ ಕೂಗಿಬಿಟ್ಟೆ. ಅಘನಾಶಿನಿಯ ಅಳಿವೆಯಲ್ಲಿ ನಾವು ಕಗ್ಗ ಭತ್ತ ಬೆಳೆಯುವುದು ಇಂತಹ ದಂಡೆ ಬಾಗಿಲುಗಳ ಒಳಗೇ. ಒಂದು ವ್ಯತ್ಯಾಸವಿದೆ. ನಮ್ಮ ಕಗ್ಗ ಉಪ್ಪುನೀರನ್ನು ತಾಳಿಕೊಳ್ಳುವ ತಳಿ. ಇಲ್ಲಿಯವರು ಭರತದ ಒತ್ತಡಕ್ಕೆ ಮೇಲೇರುವ ಸಿಹಿನೀರನ್ನು ಮಾತ್ರ ಗದ್ದೆಗೆ ಬಿಟ್ಟುಕೊಳ್ಳಬೇಕಿತ್ತು, ಒಂದು ಬಾಗಿಲು ತಪ್ಪಿ ಉಪ್ಪು ಒಳಗೆ ಬಂದರೆ ಬೆಳೆ ಹೋಯಿತು. ಆ ನೀರಿನ ಲೆಕ್ಕ ಗೊತ್ತಿದ್ದವರು ಯಾರು, ಕೆಸರಿನಲ್ಲಿ ಸೊಂಟದವರೆಗೆ ನಿಂತವರು ಯಾರು ಎಂಬುದನ್ನು ಮೇಷ್ಟ್ರು ಹೇಳಲಿ, ಅವರು ಈ ವೇದಿಕೆಯಲ್ಲೇ ಇದ್ದಾರೆ.

ನಿವೃತ್ತ_ಮೇಷ್ಟ್ರು · ಮಾರ್ಚ್ 6

ಕರೆದರೆಂದು ಬಂದೆ. ಉದ್ದವಾದರೆ ಕ್ಷಮೆ ಇರಲಿ, ನಾಲ್ಕು ದಶಕ ತರಗತಿಯಲ್ಲಿ ಮಾತನಾಡಿದ ಬಾಯಿ ಇದು.

ಕೆಸರಿನಲ್ಲಿ ನಿಂತವರು ಗುಲಾಮರಾಗಿ ಹಿಡಿದು ತಂದ ಪಶ್ಚಿಮ ಆಫ್ರಿಕಾದ ಜನ. ಸೆನೆಗಾಂಬಿಯಾ, ಸಿಯೆರಾ ಲಿಯೋನ್ ಕಡೆಯ ಭತ್ತದ ಕರಾವಳಿಯಿಂದ ಬಂದವರಿಗೆ ಆ ಕೃಷಿ ತಲೆಮಾರುಗಳಿಂದ ಗೊತ್ತಿತ್ತು. ಚಾರ್ಲ್ಸ್‌ಟನ್ ಹುಟ್ಟಿದ್ದು 1670ರಲ್ಲಿ. ಮುಂದೆ ಅದನ್ನು ಶ್ರೀಮಂತಗೊಳಿಸಿದ್ದು ಕ್ಯಾರೊಲೈನಾ ಗೋಲ್ಡ್ ಎಂಬ ಅಕ್ಕಿ. ಅಂತರ್ಯುದ್ಧದ ನಂತರ ಬಿಟ್ಟಿ ದುಡಿಮೆ ನಿಂತಿತು, ಚಂಡಮಾರುತಗಳು ದಂಡೆಗಳನ್ನು ಮುರಿದವು, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬೇಸಾಯವೇ ಮುಗಿಯಿತು. 1980ರ ದಶಕದಲ್ಲಿ ಬೀಜ ಹುಡುಕಿ ತಂದು ಮತ್ತೆ ಬಿತ್ತಿದರು. ಇಂದು ಹೋಟೆಲ್ಲಿನಲ್ಲಿ "ಪಾರಂಪರಿಕ ಅಕ್ಕಿ" ಎಂದು ಬೆಲೆ ಹೆಚ್ಚಿಸಿ ಕೊಡುವುದು ಅದನ್ನೇ. ಈ ಅಕ್ಕಿ ಏಷ್ಯಾದ ಜಾತಿಯದು, ಅಂದರೆ ನಮ್ಮ ಭತ್ತದ ದಾಯಾದಿ. ಬೆಳೆಸುವ ವಿದ್ಯೆ ಮಾತ್ರ ಆಫ್ರಿಕಾದ್ದು.

ಆ ಜನರ ಸಂತತಿಯೇ ಗಲ್ಲಾ ಗೀಚಿ ಸಮುದಾಯ. ಇವರಿಗೆ ಸ್ವಂತ ಭಾಷೆಯಿದೆ, ಸ್ವಂತ ಅಡುಗೆಯಿದೆ. ಚಾರ್ಲ್ಸ್‌ಟನ್‌ನ ಅಡುಗೆ ಎಂದು ನೀವು ತಿನ್ನುವುದರ ಬಹುಪಾಲು ಅವರದು. ಬೆಂಡೆಕಾಯಿಗೆ ಇಂಗ್ಲಿಷಿನವರು ಹೇಳುವ ಓಕ್ರಾ ಎಂಬ ಪದ ಇಗ್ಬೊ ಭಾಷೆಯಿಂದ ಬಂದದ್ದು. ಎಳ್ಳಿಗೆ ಇಲ್ಲಿ ಇಂದಿಗೂ ಬಳಸುವ ಹೆಸರೂ ಪಶ್ಚಿಮ ಆಫ್ರಿಕಾದ್ದೇ. ಆ ಹೆಸರೇನೆಂದು ಬೇಕೆಂದೇ ಹೇಳುತ್ತಿಲ್ಲ. ದಾವಣಗೆರೆಯವರು ಅಂಗಡಿಯ ಫಲಕದಲ್ಲಿ ಓದಿಕೊಳ್ಳಲಿ, ಅದರ ಸುಖ ನಾನೇಕೆ ಕೆಡಿಸಲಿ?

ಲೆಕ್ಕ_ಪಕ್ಕಾ ಅವರಿಗೆ ಒಂದು ಮಾತು. ಮೊಬೈಲ್‌ನಲ್ಲಿ ಓದಿದ ಕಥೆಯಿಂದ ಆಗುವ ಅನಾಹುತಕ್ಕೆ ಉದಾಹರಣೆ ಕೊಡುತ್ತೇನೆ. ಮಾರ್ಕೆಟ್ ಬೀದಿಯ ಆ ಹಳೆಯ ಸಂತೆಯ ಕಟ್ಟಡದಲ್ಲಿ ಗುಲಾಮರನ್ನು ಮಾರುತ್ತಿದ್ದರು ಎಂದು ಅರ್ಧ ಜಗತ್ತು ನಂಬಿದೆ. ತಪ್ಪು. ಅಲ್ಲಿ ಮಾಂಸ, ಮೀನು, ತರಕಾರಿ ಮಾರುತ್ತಿದ್ದರು. ಮಾರುವವರಲ್ಲಿ ಗುಲಾಮ ಹೆಂಗಸರೂ ಇದ್ದರು. ಮಾಂಸದ ಚೂರಿಗಾಗಿ ರಣಹದ್ದುಗಳು ಅಲ್ಲೇ ಸುಳಿದಾಡುತ್ತಿದ್ದವು, ಊರಿನವರು ಅವನ್ನು "ಚಾರ್ಲ್ಸ್‌ಟನ್ ಗರುಡ" ಎಂದು ತಮಾಷೆ ಮಾಡುತ್ತಿದ್ದರು. ಮನುಷ್ಯರನ್ನು ಬಹಿರಂಗವಾಗಿ ಹರಾಜು ಹಾಕುತ್ತಿದ್ದದ್ದು ಹಳೆಯ ಎಕ್ಸ್‌ಚೇಂಜ್ ಕಟ್ಟಡದ ಬಳಿ. 1856ರಲ್ಲಿ ನಗರ ಅದನ್ನು ಬೀದಿಯಲ್ಲಿ ಮಾಡಬಾರದೆಂದಿತು. ನಾಚಿಕೆಯಿಂದೇನೂ ಅಲ್ಲ, ಹರಾಜು ಒಳಾಂಗಣಕ್ಕೆ ಹೋಯಿತು, ಅಷ್ಟೆ. ಅಂತಹ ಒಂದು ಕಟ್ಟಡ ಇವತ್ತಿಗೂ ಚಾಮರ್ಸ್ ಬೀದಿಯಲ್ಲಿದೆ, ಈಗ ವಸ್ತುಸಂಗ್ರಹಾಲಯ. ಸಂತೆಯಿಂದ ಐದಾರು ನಿಮಿಷದ ನಡಿಗೆ.

ಈ ಊರಿನಲ್ಲಿ ಮಾರ್ಗದರ್ಶಿಯಾಗಲು ಹಿಂದೆ ನಗರಾಡಳಿತದ ಪರೀಕ್ಷೆ ಬರೆದು ಪರವಾನಗಿ ಪಡೆಯಬೇಕಿತ್ತು. ಮಾತನಾಡಲು ಪರವಾನಗಿ ಏಕೆ ಎಂದು ಕೆಲವರು ಮೊಕದ್ದಮೆ ಹೂಡಿದರು, 2018ರಲ್ಲಿ ಫೆಡರಲ್ ನ್ಯಾಯಾಲಯ ಆ ನಿಯಮವನ್ನು ತೆಗೆದುಹಾಕಿತು. ತೀರ್ಪು ಸರಿ ಎಂದೇ ನನ್ನ ಮತ. ಆದರೆ ಆಯ್ಕೆಯ ಹೊಣೆ ಈಗ ನಿಮ್ಮದು. ಫೋನ್‌ನಲ್ಲಿ ಒಂದು ಪ್ರಶ್ನೆ ಹಾಕಿ ನೋಡಿ: ಈ ಅಡುಗೆಯನ್ನು ಮೊದಲು ಮಾಡಿದವರು ಯಾರು? "ನಮ್ಮ ಅಜ್ಜಿಯಂದಿರು" ಎಂದು ನಗುತ್ತಾ ಜಾರಿಕೊಂಡರೆ, ಯಾವ ಅಜ್ಜಿ ಎಂದು ಕೇಳಿ.

ಲೆಕ್ಕ_ಪಕ್ಕಾ · ಮಾರ್ಚ್ 6

ಮೇಷ್ಟ್ರೇ, ಸಂತೆಯ ವಿಷಯದಲ್ಲಿ ನನ್ನ ಮಗನಿಗೆ ನಾನೇ ಆ ತಪ್ಪು ಕಥೆ ಹೇಳಿದ್ದೆ. ಒಪ್ಪಿಕೊಂಡೆ. 408 ಡಾಲರನ್ನು ಇನ್ನೂ ಒಪ್ಪಿಕೊಂಡಿಲ್ಲ.

ನಿವೃತ್ತ_ಮೇಷ್ಟ್ರು · ಮಾರ್ಚ್ 6

ಹಾಗಾದರೆ ಗ್ಯಾಡ್ಸ್‌ಡನ್ ಧಕ್ಕೆಯಲ್ಲಿ 2023ರ ಜೂನ್‌ನಲ್ಲಿ ತೆರೆದ ಅಂತರರಾಷ್ಟ್ರೀಯ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯಕ್ಕೆ ಮಗನನ್ನು ಕರೆದೊಯ್ಯಿರಿ. ಗುಲಾಮರನ್ನು ಹೊತ್ತ ಹಡಗುಗಳು ಬಂದು ನಿಲ್ಲುತ್ತಿದ್ದ ಜಾಗದ ಮೇಲೆಯೇ ಕಟ್ಟಿದ್ದಾರೆ. ಮಾರ್ಗದರ್ಶಿಗೆ ಕೊಡುವ ಹಣಕ್ಕಿಂತ ಬಹಳ ಕಡಿಮೆ.

ನುಚ್ಚು_ಮಜ್ಜಿಗೆ · ಮಾರ್ಚ್ 7

ಎರಡು ಪ್ರಾಯೋಗಿಕ ಮಾತು ಬಿಟ್ಟುಹೋಗಿತ್ತು. ಒಂದು, ಭರತದ ವೇಳಾಪಟ್ಟಿ ನೋಡಿ ದಿನ ಗೊತ್ತುಮಾಡಿ. ದೊಡ್ಡ ಭರತವಿದ್ದ ದಿನ ಮಳೆಯೇ ಇಲ್ಲದೆ ಮಾರ್ಕೆಟ್ ಬೀದಿಯ ಚರಂಡಿಯಿಂದ ನೀರು ಉಕ್ಕಿ ಪಾದ ಮುಳುಗುತ್ತದೆ. ಎರಡು, ಮೇ ಕೊನೆಯಲ್ಲಿ ಸ್ಪೊಲೆಟೊ ಕಲಾ ಉತ್ಸವ ಶುರುವಾದರೆ ವಸತಿಯ ದರ ಕೇಳಲಾಗದು. ನಿಮ್ಮ ಏಪ್ರಿಲ್ ಸರಿಯಾಗಿದೆ.

ಹಾಂ, ಎಲ್ಲಾದರೂ ಪಟ್ಟಿಯಲ್ಲಿ ಕಂಟ್ರಿ ಕ್ಯಾಪ್ಟನ್ ಎಂದು ಕಂಡರೆ ಅಪ್ಪನಿಗೆ ತೋರಿಸಿ, ತಿನ್ನಬೇಡಿ, ಅದು ಕೋಳಿ. ಕರಿ ಪುಡಿ, ಒಣದ್ರಾಕ್ಷಿ, ಬಾದಾಮಿ ಹಾಕಿ ಅನ್ನದ ಮೇಲೆ ಬಡಿಸುತ್ತಾರೆ. ಭಾರತದ ವ್ಯಾಪಾರದ ಹಡಗುಗಳ ಜೊತೆ ಈ ರೇವುಗಳಿಗೆ ಬಂದ ಅಡುಗೆ ಎಂದು ಹೇಳಿಕೊಳ್ಳುತ್ತಾರೆ. ಇಲ್ಲಿಯ ಕೂಡನ್ನಕ್ಕೆ ಪರ್ಲೂ ಎಂಬ ಹೆಸರು. ಪುಲಾವ್ ಎಷ್ಟು ಊರು ಸುತ್ತಿ ಹಲ್ಲು ಕಳೆದುಕೊಂಡಿದೆ ನೋಡಿ.

ದಾವಣಗೆರೆಯ_ಮಗಳು · ಏಪ್ರಿಲ್ 21

ಹೋಗಿ ಬಂದೆವು. ಎಲ್ಲರಿಗೂ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ನಾಲ್ಕು ಸಂಸ್ಥೆಗಳಿಗೆ ಫೋನ್ ಮಾಡಿದೆ. ಮೇಷ್ಟ್ರ ಪ್ರಶ್ನೆಗೆ ಇಬ್ಬರು ನಕ್ಕು ಜಾರಿಕೊಂಡರು, ಒಬ್ಬರು ಜಾಲತಾಣ ನೋಡಿ ಎಂದರು. ನಾಲ್ಕನೆಯ ಕಡೆ ಮಾರ್ಗದರ್ಶಿಯೇ ಫೋನ್ ತೆಗೆದುಕೊಂಡು "ಎಷ್ಟು ಹೊತ್ತು ಇದೆ ನಿಮಗೆ?" ಎಂದರು. ಅರವತ್ತರ ಆಸುಪಾಸಿನ ಹೆಂಗಸು, ಗಲ್ಲಾ ಮನೆತನದವರು. ಅಮ್ಮನ ಪಟ್ಟಿಯನ್ನು ಬರೆದುಕೊಂಡು ಮತ್ತೆ ಓದಿ ಹೇಳಿದರು. "ಮೊಟ್ಟೆಯೂ ಇಲ್ಲ" ಎಂದಾಗ ಒಂದು ಕ್ಷಣ ಸುಮ್ಮನಿದ್ದು, "ನನಗೆ ಎರಡು ದಿನ ಕೊಡಿ" ಎಂದರು.

ಬೆಳಗ್ಗೆ ಹತ್ತಕ್ಕೆ 1841ರ ಮಾರ್ಕೆಟ್ ಹಾಲ್‌ನ ಮೆಟ್ಟಿಲ ಬಳಿ ಸೇರಿದೆವು. ಹನ್ನೊಂದು ಜನ. ಗಾಳಿಯಲ್ಲಿ ಕೊಳೆತ ಮೊಟ್ಟೆಯಂತಹ ವಾಸನೆ. ಅದು ಜವುಗಿನ ಕೆಸರಿನದಂತೆ, ಊರಿನವರಿಗೆ ಅದೇ ತವರಿನ ವಾಸನೆಯಂತೆ. ಮೊದಲು ಬಿಸ್ಕಿಟ್. ಅಪ್ಪ ಪಾರ್ಲೆಯ ನಿರೀಕ್ಷೆಯಲ್ಲಿದ್ದರು. ಅಂಗೈಯಷ್ಟು ದಪ್ಪದ, ಪದರು ಪದರಾದ ಬಿಸಿ ರೊಟ್ಟಿಯಂತಹದು ಬಂದಾಗ "ಇದಕ್ಕೆ ಚಹಾದಲ್ಲಿ ಅದ್ದುವ ಯೋಗವಿಲ್ಲ" ಎಂದು ತೀರ್ಪು ಕೊಟ್ಟು ಎರಡು ತಿಂದರು. ಅಲ್ಲಿಯ ಗಟ್ಟಿ ಸಕ್ಕರೆ ಚಹಾವನ್ನು ಅಮ್ಮ ಪಾನಕವೆಂದು ಕುಡಿದರು.

ಎರಡನೆಯ ಕಡೆ ಗ್ರಿಟ್ಸ್. ಎಲ್ಲರ ಬಟ್ಟಲಿಗೂ ಸಿಗಡಿ, ಅಮ್ಮನ ಬಟ್ಟಲು ಬೇರೆ, ನೀರು ಉಪ್ಪು ಬೆಣ್ಣೆ ಮಾತ್ರ. ಅಮ್ಮ ಒಂದು ಚಮಚ ಬಾಯಿಗಿಟ್ಟು ನಾಲಿಗೆಯಲ್ಲಿ ತರಿಯನ್ನು ಹೊರಳಿಸಿ, ನನ್ನ ಕಡೆ ವಾಲಿ, "ಮಜ್ಜಿಗೆ ಸಿಗುತ್ತದೆಯೇ ಕೇಳು" ಎಂದರು. ನನಗೆ ಮುಜುಗರ. ಮಾರ್ಗದರ್ಶಿಗೆ ಹೇಳಿದೆ. ಅವರು ಅಡುಗೆಮನೆಗೆ ಹೋಗಿ, ಬಿಸ್ಕಿಟ್‌ಗೆಂದು ಇಟ್ಟಿದ್ದ ದಪ್ಪ ಮಜ್ಜಿಗೆಯನ್ನು ಒಂದು ಲೋಟದಲ್ಲಿ ತಂದರು. ಅಮ್ಮ ಅದಕ್ಕೆ ಸ್ವಲ್ಪ ನೀರು ಬೆರೆಸಿ, ಗ್ರಿಟ್ಸ್ ಮೇಲೆ ಸುತ್ತಲೂ ಸುರಿದು, ಚಿಟಿಕೆ ಉಪ್ಪು ಹಾಕಿ, ಚಮಚ ಬದಿಗಿಟ್ಟು ಬೆರಳಿನಲ್ಲಿ ಕಲಸಿದರು. ಗುಂಪಿನ ಮಾತು ನಿಂತಿತು. ಮಾರ್ಗದರ್ಶಿ ಕೈ ಚಾಚಿದರು, ಅಮ್ಮ ಒಂದು ತುತ್ತು ಹಾಕಿದರು. ಅಗಿದು, ಕಣ್ಣು ಮುಚ್ಚಿ, "ಇದಕ್ಕೆ ಏನೆನ್ನುತ್ತೀರಿ?" ಎಂದು ಕೇಳಿದರು. ನುಚ್ಚು ಮಜ್ಜಿಗೆ ಎಂದು ಅಮ್ಮ ಎರಡು ಸಲ ನಿಧಾನವಾಗಿ ಹೇಳಿಕೊಟ್ಟರು. ಒಪ್ಪಿಸುವಾಗ ಅವರ ಬಾಯಲ್ಲಿ ಅದು "ನೂಚು" ಆಯಿತು. (ನುಚ್ಚು_ಮಜ್ಜಿಗೆ ಅವರೇ, ನಿಮ್ಮ ಹೆಸರು ಈಗ ಚಾರ್ಲ್ಸ್‌ಟನ್‌ನಲ್ಲಿದೆ.)

ಮೇಷ್ಟ್ರ ಒಗಟಿಗೆ ಬರುತ್ತೇನೆ. ಮೂರನೆಯ ಅಂಗಡಿಯ ಗಾಜಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು. ಅಪ್ಪ ಕನ್ನಡಕ ಏರಿಸಿ ಓದಿದರು: "ಬೆಣ್ಣೆ!" ಇಡೀ ಬೀದಿಗೆ ಕೇಳಿಸುವ ಹಾಗೆ. ಊರು ಬಿಟ್ಟು ಇಷ್ಟು ದೂರ ಬಂದು ದಾವಣಗೆರೆಯವನ ಕಣ್ಣಿಗೆ ಆ ಫಲಕ ಬೀಳಬೇಕೆಂದರೆ! ಇವರು ಅದನ್ನು "ಬೆನಿ" ಎನ್ನುತ್ತಾರೆ, ಎಳ್ಳು. ಕಂದು ಸಕ್ಕರೆ ಹಾಕಿದ, ಕಾಗದದಷ್ಟು ತೆಳುವಾದ ಎಳ್ಳಿನ ಬಿಲ್ಲೆ. ಅದರಲ್ಲಿ ಮೊಟ್ಟೆ ಇದೆ ಎಂದು ಅಮ್ಮ ಮುಟ್ಟಲಿಲ್ಲ. ಅಪ್ಪ ಅಮ್ಮನ ಪಾಲನ್ನೂ ತಿಂದು, ಬೆಣ್ಣೆ ಇಲ್ಲದ ಬೆಣ್ಣೆ ಎಂದು ಸಂಜೆಯವರೆಗೆ ಅದನ್ನೇ ಹೇಳುತ್ತಿದ್ದರು. ಮಾರ್ಗದರ್ಶಿ ಅಮ್ಮನ ಕೈಗೆ ಹುರಿದ ಎಳ್ಳಿನ ಸಣ್ಣ ಪೊಟ್ಟಣ ಕೊಟ್ಟರು, ಮನೆಯಿಂದ ತಂದದ್ದು. ಅಮ್ಮ ಅಲ್ಲೇ ಚೀಲದಿಂದ ಬೆಲ್ಲದ ಚೂರು ತೆಗೆದರು. ಏಪ್ರಿಲ್‌ನಲ್ಲಿ ಸಂಕ್ರಾಂತಿ. ಅಮ್ಮನ ಚೀಲದಲ್ಲಿ ಬೆಲ್ಲ ಏಕಿತ್ತು ಎಂದು ಕೇಳಬೇಡಿ, ನನಗೂ ತಿಳಿಯದು.

ಮಧ್ಯೆ ಚಾಮರ್ಸ್ ಬೀದಿಯ ಉರುಟು ಕಲ್ಲುಗಳ ಬಳಿ ಮೊಣಕಾಲು ಮಾತನಾಡಿತು. ಮಾರ್ಗದರ್ಶಿ ಆ ಬೀದಿಯನ್ನು ತುದಿಯಿಂದಲೇ ತೋರಿಸಿ, ನೆರಳಿನಲ್ಲಿ ನಿಲ್ಲಿಸಿ, ಹರಾಜಿನ ಕಟ್ಟಡದ ವಿಷಯ ಹೇಳಿದರು. ದನಿ ಎತ್ತಲಿಲ್ಲ, ತಗ್ಗಿಸಲೂ ಇಲ್ಲ. ತಮ್ಮ ಮುತ್ತಜ್ಜಿಯ ಅಜ್ಜಿಗೆ ದಾಖಲೆಯಲ್ಲಿ ಹೆಸರಿಲ್ಲ, ವಯಸ್ಸು ಮತ್ತು ಬೆಲೆ ಮಾತ್ರ ಇದೆ ಎಂದರು. ಅಪ್ಪನಿಗೆ ನಾನು ಅನುವಾದ ಮಾಡಬೇಕಾಗಿ ಬಂದ ವಾಕ್ಯಗಳಲ್ಲಿ ಅದೊಂದನ್ನು ಹೇಳಲು ನನಗೆ ಹೊತ್ತು ಹಿಡಿಯಿತು.

ಕೊನೆಗೆ ಸಂತೆಯಲ್ಲಿ ಹುಲ್ಲಿನ ಬುಟ್ಟಿ ಹೆಣೆಯುವ ಹೆಂಗಸರ ಸಾಲು. ಹುಲ್ಲನ್ನು ಸುರುಳಿ ಸುತ್ತುತ್ತಾ, ತಾಳೆಯ ಎಳೆಯಿಂದ ಹೊಲಿಯುತ್ತಾರೆ. ಅಗಲವಾದ, ಅಂಚು ಕಡಿಮೆಯಿದ್ದ ಒಂದನ್ನು ನೋಡಿ ಅಮ್ಮ ನಿಂತುಬಿಟ್ಟರು. ಎತ್ತಿಕೊಳ್ಳಬಹುದೇ ಎಂದು ಕಣ್ಣಿನಲ್ಲೇ ಕೇಳಿ, ಎತ್ತಿಕೊಂಡು, ಎರಡು ಸಲ ಕೇರಿದರು. ಬರಿಯ ಬುಟ್ಟಿಯಲ್ಲಿ ಇಲ್ಲದ ಅಕ್ಕಿ. ಮಣಿಕಟ್ಟಿನ ಅದೇ ಕೊಡಹು, ಕೊನೆಯಲ್ಲಿ ಬೆರಳಿನ ತಟ್ಟು. ಹೆಣೆಯುತ್ತಿದ್ದ ಅಜ್ಜಿ ಸೂಜಿ ಕೆಳಗಿಟ್ಟು ನಗತೊಡಗಿದರು. ಗದ್ದೆಯ ಕಾಲದಲ್ಲಿ ಭತ್ತದ ಹೊಟ್ಟು ತೂರುತ್ತಿದ್ದ ಬುಟ್ಟಿಯ ಆಕಾರ ಅದು, ಅಂದರೆ ನಮ್ಮ ಮೊರ. ಬೆಲೆ 340 ಡಾಲರ್. ಅಪ್ಪ ಚೌಕಾಸಿಗೆ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಅವರ ಕಾಲು ತುಳಿದರು.

ಲೆಕ್ಕ_ಪಕ್ಕಾ ಅವರಿಗೆ: ಭಕ್ಷೀಸು ಸೇರಿ 420 ಆಯಿತು. ನೀವು ಹೇಳಿದ್ದಕ್ಕಿಂತ 12 ಹೆಚ್ಚು. ಅಮ್ಮ ಹೊಟ್ಟೆ ತುಂಬ ತಿಂದದ್ದು ಗ್ರಿಟ್ಸ್ ಒಂದೇ, ಅದೂ ತಾವೇ ಕಲಸಿಕೊಂಡದ್ದು. ಹಿಂತಿರುಗುವಾಗ ದಾರಿಬದಿಯಲ್ಲಿ ಬೇಯಿಸಿದ ಕಡಲೆಕಾಯಿ ಕೊಂಡೆವು. ಉಪ್ಪು ಜಾಸ್ತಿ.

ಬನ್ನು_ತಿಂದು_ಬಂದವಳು · ಏಪ್ರಿಲ್ 21

ನನಗೆ ಮಜ್ಜಿಗೆ ಕೇಳುವ ಬುದ್ಧಿ ಏಕೆ ಬರಲಿಲ್ಲ? ಬಿಸ್ಕಿಟ್ ಮಾಡುವ ಪ್ರತಿಯೊಂದು ಅಡುಗೆಮನೆಯಲ್ಲೂ ಅದು ಇದ್ದೇ ಇರುತ್ತದಲ್ಲ!

ಅಘನಾಶಿನಿ_ದಂಡೆ · ಏಪ್ರಿಲ್ 22

ಸಿಗಡಿ ಎಲ್ಲಿಯದೆಂದು ಕೇಳಿದಿರಾ?

ದಾವಣಗೆರೆಯ_ಮಗಳು · ಏಪ್ರಿಲ್ 22

ನನ್ನವರು ಕೇಳಿದರು. ಅಲ್ಲಿಯದೇ ಅಂತೆ. ಮೂರು ಜನರ ಪಾಲು ಒಬ್ಬರೇ ತಿಂದರು, ಹಾಗಾಗಿ ಸಾಕ್ಷಿ ನುಡಿಯುವವರು ಅವರೊಬ್ಬರೇ.

ಲೆಕ್ಕ_ಪಕ್ಕಾ · ಏಪ್ರಿಲ್ 23

ಜೂನ್‌ನಲ್ಲಿ ನಮ್ಮ ಅತ್ತೆ ಮಾವ ಬರುತ್ತಿದ್ದಾರೆ. ಆ ಮಾರ್ಗದರ್ಶಿಯನ್ನು ಹಿಡಿಯುವುದು ಹೇಗೆ? ಸುಮ್ಮನೆ ಕೇಳುತ್ತಿದ್ದೇನೆ.

ದಾವಣಗೆರೆಯ_ಮಗಳು · ಏಪ್ರಿಲ್ 23

ಖಾಸಗಿ ಸಂದೇಶ ಕಳುಹಿಸಿದ್ದೇನೆ, ನೋಡಿ. ಫೋನ್ ಮಾಡಿದಾಗ ನನ್ನ ಹೆಸರು ಹೇಳಿದರೆ ಗುರುತು ಸಿಗದು. "ನೂಚು" ಎನ್ನಿ.